ಹಿಂದಿನ ಚಕ್ರದ ಗಾಳಿ

ನಾಳೆ ಬೆಳಿಗ್ಗೆ ಮೂರೂಮುಕ್ಕಾಲು ಕಿಲೋಮೀಟರ್ ಈಜಬೇಕಾದವಳು ಇವತ್ತು ಏನು ಮಾಡಬೇಕು? ಕಾಲು ಚಾಚಿ ಮಲಗಬೇಕು, ನೀರು ಕುಡಿಯಬೇಕು, ಯಾರ ತಂಟೆಗೂ ಹೋಗದೆ ತಣ್ಣಗಿರಬೇಕು. ಈಜು ಕಲಿಸಿದವರು ಹೇಳಿದ್ದೂ ಅದೇ. ಅವಳು ಮಾತ್ರ ಬೆಳಕು ಹರಿಯುವ ಮೊದಲೇ ಎದ್ದು ನೆಲ ಒರೆಸಿ, ಕಿಟಕಿಯ ಗಾಜು ಒರೆಸಿ, ಬಚ್ಚಲಿನ ನಲ್ಲಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತ ಕೂತಿದ್ದಳು. ಮನೆಗೆ ಯಾರೂ ಬರುವವರಿರಲಿಲ್ಲ. ಬರಲಿ ಎಂಬ ಆಸೆಯೊಂದಿತ್ತು, ಅಷ್ಟೆ.

ಆಸೆ ಗಂಡನ ಮೇಲೆ. ಗಂಡ ಅಂತಲೇ ಕರೆಯೋಣ, ಕಾಗದದ ಮೇಲೆ ಇನ್ನೂ ಗಂಡನೇ. ಏಳು ತಿಂಗಳಿಂದ ಊರಿನ ಆ ತುದಿಯಲ್ಲಿ, ಒಂದು ಲಾಂಡ್ರಿಯ ಮೇಲಿನ ಒಂಟಿ ಕೋಣೆಯಲ್ಲಿದ್ದ. ಲಿಫ್ಟ್ ರಿಪೇರಿ ಅವನ ಕಸುಬು. ಯಾವ ಹೊತ್ತಿನಲ್ಲಿ ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಓಡಬೇಕು, ಒಳಗಿದ್ದವರಿಗೆ ಬಾಗಿಲಿನ ಸಂದಿಯಿಂದ ಧೈರ್ಯ ಹೇಳಬೇಕು. ಅಪರಿಚಿತರಿಗೆ ಅಷ್ಟು ಚೆನ್ನಾಗಿ ಧೈರ್ಯ ಹೇಳುವ ಮನುಷ್ಯ ಮನೆಗೆ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವಳದು ಕಟ್ಟುಹಲ್ಲು ಮಾಡುವ ಲ್ಯಾಬು. ಬೇರೆಯವರ ಬಾಯಿಯ ಅಚ್ಚು ಮುಂದಿಟ್ಟುಕೊಂಡು, ದವಡೆ ಹಲ್ಲಿನ ಗುಳಿಗಳನ್ನು ಸೂಜಿಯಷ್ಟು ತೆಳ್ಳಗಿನ ಉಳಿಯಿಂದ ಕೊರೆಯುತ್ತ ದಿನವಿಡೀ ಒಬ್ಬಳೇ ಕೂರುವ ಕೆಲಸ. ಬಾಯಿಗಳ ಜೊತೆ ಇದ್ದೂ ಮಾತಿಲ್ಲ. ಹಾಗಾಗಿ ಸಂಜೆ ಮನೆಗೆ ಬಂದರೆ ಅವಳಿಗೆ ಮಾತು ಬೇಕು, ಅವನಿಗೆ ಬೇಡ.

ಜಗಳದ ಕಾರಣ ಕೇಳಿದರೆ ನಗು ಬರುತ್ತದೆ. ಊಟಕ್ಕೆ ಕೂತಾಗ ಲ್ಯಾಬಿನಲ್ಲಾದ ರಗಳೆಯನ್ನೆಲ್ಲ ಹೇಳಿ ಮುಗಿಸಿ, "ಈಗ ನಾನೇನು ಮಾಡ್ಲಿ ಹೇಳಿ" ಎಂದು ಕೇಳಿದ್ದಳು. ಅವನು "ಹೂಂ" ಎಂದಿದ್ದ. ಮೂಗಿನ ತುದಿಯಲ್ಲಿದ್ದ ಸಿಟ್ಟು ಕೆಳಗೆ ಬೀಳಲು ಅಷ್ಟು ಸಾಕಾಯಿತು. "ಗೋಡೆ ಜೊತೆ ಸಂಸಾರ ಮಾಡಿದ ಹಾಗಾಯ್ತು! ಇಲ್ಲಿರೋದು ಅಷ್ಟು ಕಷ್ಟ ಆದ್ರೆ ಎದ್ದು ಹೋಗಿ!" ಎಂದಳು. ಅವನು ಎದ್ದ, ಕೈ ತೊಳೆದ, ಹೋದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವನು ಪೂರ್ತಿ ಉಣ್ಣಲೂ ಇಲ್ಲ, ಮಲಗಲೂ ಇಲ್ಲ. ಹೋದವರು ತಾವಾಗಿಯೇ ಬರಲಿ ಎಂದು ಇವಳು, ಹೋಗು ಅಂದವಳೇ ಕರೆಯಲಿ ಎಂದು ಅವನು. ಹಠಕ್ಕೆ ಪದಕ ಕೊಡುವುದಿದ್ದರೆ ಇಬ್ಬರಿಗೂ ಚಿನ್ನವೇ.

ಈ ಸ್ಪರ್ಧೆಗೆ ಹೆಸರು ಕೊಟ್ಟಿದ್ದು ಅದಕ್ಕೂ ಮೊದಲು, ಎಲ್ಲ ಸರಿಯಿದ್ದ ಕಾಲದಲ್ಲಿ. ಈಜು, ಸೈಕಲ್ಲು, ಓಟ ಮೂರನ್ನೂ ಒಬ್ಬರೇ ಮುಗಿಸುವ ಗಟ್ಟಿಗರು ಬೇರೆ. ಮೂವರು ಸೇರಿ ಪಾಲು ಹಂಚಿಕೊಳ್ಳಲೂ ಅವಕಾಶವಿತ್ತು. ಅವಳು ಈಜುವುದು, ಗಂಡ ಸೈಕಲ್ ತುಳಿಯುವುದು, ಅವಳ ತಮ್ಮ ಓಡುವುದು. ಒಬ್ಬರು ಕೈಕೊಟ್ಟರೆ ಮೂವರೂ ಹೊರಗೆ. ಏಳು ತಿಂಗಳಲ್ಲಿ ಯಾರೂ ಹಿಂದೆ ಸರಿಯಲಿಲ್ಲ. ಅವನು ಯಾಕೆ ಸರಿಯಲಿಲ್ಲವೋ ಗೊತ್ತಿಲ್ಲ. ಅವಳು ಸರಿಯದಿದ್ದದ್ದು ಯಾಕೆಂದು ಮಾತ್ರ ಗೊತ್ತು: ಆ ಒಂದು ದಿನವಾದರೂ ಅವನು ಪಕ್ಕದಲ್ಲಿ ಬಂದು ನಿಲ್ಲಲೇಬೇಕಲ್ಲ.

ಹೋದ ವಾರ ತಮ್ಮ ಇನ್ನೊಂದು ಸುದ್ದಿ ತಂದಿದ್ದ. ತಮ್ಮ ಸಿಟಿ ಬಸ್ಸಿನ ಡ್ರೈವರು. ಇಬ್ಬರ ನಡುವಿನ ಅಂಚೆ ಕಚೇರಿಯೂ ಅವನೇ.

"ಅಕ್ಕ, ಭಾವ ಹೊರಟ್ರು ಕಣೆ. ಸಮುದ್ರದ ಆ ಕಡೆ ದೊಡ್ಡ ಕಟ್ಟಡ ಏಳ್ತಿದೆಯಂತೆ, ಲಿಫ್ಟ್ ಕೂರಿಸೋ ಕೆಲಸ. ಎರಡು ವರ್ಷ. ರೇಸ್ ಮುಗಿದ ಮಾರನೇ ದಿನವೇ ವಿಮಾನ."

"ಹೋಗ್ಲಿ ಬಿಡು, ನನಗೇನು" ಎಂದಿದ್ದಳು ಅವಳು. ಅವತ್ತು ಕೊರೆದ ಎರಡು ಹಲ್ಲೂ ಹಾಳಾಗಿ, ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಹಾಗಾಗಿ ಉಳಿದದ್ದು ಇವತ್ತೊಂದೇ ದಿನ. ನಾಳೆ ನೀರು, ಗಡಿಬಿಡಿ, ಸಾವಿರ ಜನ. ನಾಡಿದ್ದು ವಿಮಾನ. 'ಮನೆಗೆ ಬನ್ನಿ' ಅನ್ನುವ ಎರಡು ಮಾತನ್ನು ಇವತ್ತೇ ಆಡಬೇಕು ಎಂದು ನಲ್ಲಿ ತಿಕ್ಕುತ್ತಲೇ ನಿರ್ಧಾರ ಮಾಡಿದ್ದಳು.

ಕೆರೆಯ ಪಕ್ಕದ ಮೈದಾನದಲ್ಲಿ ಉದ್ದಕ್ಕೆ ಕಬ್ಬಿಣದ ಕಂಬಿಗಳನ್ನು ನಿಲ್ಲಿಸಿದ್ದರು. ಎಲ್ಲರೂ ಹಿಂದಿನ ದಿನವೇ ತಮ್ಮ ಸೈಕಲ್ಲುಗಳನ್ನು ತಂದು, ಅವರವರ ನಂಬರಿನ ಜಾಗದಲ್ಲಿ ಕಂಬಿಗೆ ತೂಗುಹಾಕಿ ಹೋಗಬೇಕು. ಬಾಗಿಲಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಒಬ್ಬ ಹೆಂಗಸು ನಂಬರು ನೋಡಿ ಒಳಗೆ ಬಿಡುತ್ತಿದ್ದಳು. ಬಿಸಿಲು ನೆತ್ತಿ ಸುಡುತ್ತಿತ್ತು. ಅವಳೂ ತಮ್ಮನೂ ಹೋದಾಗ ಗಂಡ ಆಗಲೇ ಬಂದು, ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದ. ಕೂದಲು ಸಣ್ಣಗೆ ಕತ್ತರಿಸಿಕೊಂಡಿದ್ದ. ಕತ್ತಿನ ಹಿಂಭಾಗ ಬೆಳ್ಳಗೆ ಕಾಣುತ್ತಿತ್ತು. ಆ ಬಿಳಿ ಜಾಗದ ಮೇಲೆ ಕೈಯಿಡಬೇಕು ಅನ್ನಿಸಿ ಅವಳು ಕೈಯಲ್ಲಿದ್ದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಂದ್ರಾ" ಎಂದ ಅವನು.

"ಬಂದ್ವಿ" ಎಂದಳು ಅವಳು. ಏಳು ತಿಂಗಳ ಮೇಲೆ ಆಡಿದ ಮಾತು ಇಷ್ಟೇ.

"ಸರಿ, ಬೇಗ ಅಭ್ಯಾಸ ಮಾಡ್ಬಿಡೋಣ" ಎಂದ ತಮ್ಮ, ಮೊಬೈಲು ತೆಗೆದು ಸಮಯ ನೋಡಲು ಸಿದ್ಧನಾಗಿ. ಅಭ್ಯಾಸ ಅಂದರೆ ಕಾಲಿನ ಪಟ್ಟಿಯದು. ಓಟದ ರಿಲೇಯಲ್ಲಿ ಕೋಲು ಕೈಯಿಂದ ಕೈಗೆ ಹೋದ ಹಾಗೆ ಇಲ್ಲಿ ಸಮಯ ಅಳೆಯುವ ಚಿಪ್ ಇರುವ ಪಟ್ಟಿ ಕಾಲಿಂದ ಕಾಲಿಗೆ ಹೋಗಬೇಕು. ನೀರಿನಿಂದ ಎದ್ದು ಓಡಿ ಬಂದವರ ಬೆರಳು ಮರಗಟ್ಟಿರುತ್ತವೆ. ಅದಕ್ಕೇ ಬಿಚ್ಚುವ ಕೆಲಸ ಸೈಕಲ್ಲಿನವನದು. ಅವನು ಬಗ್ಗಬೇಕು, ಅವಳ ಎಡಗಾಲಿನಿಂದ ಬಿಚ್ಚಬೇಕು, ತನ್ನ ಎಡಗಾಲಿಗೆ ಕಟ್ಟಿಕೊಂಡು ಹೊರಡಬೇಕು.

ಇಡೀ ವರ್ಷ ಅವಳು ನೀರಿನಲ್ಲಿ ಕೈ ಬೀಸಿದ್ದು ಈ ಒಂದು ಗಳಿಗೆಗಾಗಿ ಎಂದರೆ ನೀವು ನಗಬಾರದು.

ಪಟ್ಟಿ ಕಟ್ಟಿಕೊಂಡು ಅವಳು ದೂರದಿಂದ ಓಡಿ ಬಂದು ನಿಂತಳು. ಅವನು ಮಂಡಿಯೂರಿದ. "ಭಾವ, ಕಾಲು ಹಿಡಿಯೋಕೆ ಇಂಥ ಚಾನ್ಸ್ ಮತ್ತೆ ಸಿಗಲ್ಲ ನೋಡಿ!" ಎಂದ ತಮ್ಮ. ಯಾರೂ ನಗಲಿಲ್ಲ. ಪರ್ರ್ ಎಂದು ಸದ್ದಾಯಿತು. ಪಟ್ಟಿ ಅವನ ಕಾಲಿನಲ್ಲಿತ್ತು, ಅವನು ಎದ್ದು ಸೈಕಲ್ಲಿಗೆ ಕೈಹಾಕಿದ್ದ. ಅವಳ ಚರ್ಮಕ್ಕೆ ಅವನ ಒಂದು ಬೆರಳೂ ತಗಲಿರಲಿಲ್ಲ.

"ಅಬ್ಬಬ್ಬಾ! ಇದನ್ನ ಎಲ್ಲಿ ಕಲಿತ್ರಿ?" ಎಂದ ತಮ್ಮ.

"ರೂಮಲ್ಲಿ. ಕುರ್ಚಿ ಕಾಲಿಗೆ ಕಟ್ಟಿ ದಿನಾ ಬಿಚ್ತಿದ್ದೆ."

ಕುರ್ಚಿಯ ಕಾಲಿನ ಮೇಲೆ ಹೊಟ್ಟೆಕಿಚ್ಚುಪಟ್ಟ ಹೆಂಗಸು ಈ ಲೋಕದಲ್ಲಿ ಅವಳೊಬ್ಬಳೇ ಇರಬೇಕು. "ಇನ್ನೊಂದ್ಸಲ ಮಾಡೋಣ" ಎಂದಳು.

"ಯಾಕೆ? ಸರಿಯಾಗೇ ಆಯ್ತಲ್ಲ."

"ಆದ್ರೂ."

ಎರಡನೇ ಸಲವೂ ಹಾಗೇ ಆಯಿತು. ಇನ್ನೂ ಬೇಗ ಆಯಿತು. ಅವನು ಪಟ್ಟಿಯನ್ನು ಅವಳ ಕೈಗಿಟ್ಟು, ಸೈಕಲ್ಲಿನ ಎರಡೂ ಚಕ್ರಗಳಿಂದ ಸುಯ್ಯೆಂದು ಅರ್ಧ ಗಾಳಿ ಬಿಟ್ಟ. ಬಿಸಿಲಲ್ಲಿ ಬಿಟ್ಟು ಹೋಗುವ ಸೈಕಲ್ಲಿಗೆ ಗಾಳಿ ತುಂಬಿಟ್ಟರೆ ಕಾದು ಒಡೆಯುತ್ತದೆ, ಅದಕ್ಕೆ ಎಲ್ಲರೂ ಹಾಗೇ ಮಾಡುತ್ತಾರೆ. ಆಮೇಲೆ, "ಒಂದು ಕಡೆ ಲಿಫ್ಟ್ ನಿಂತಿದೆಯಂತೆ, ನೋಡ್ಕೊಂಡು ಹೋಗಿ ಮಲಗ್ತೀನಿ" ಎಂದು ಹೊರಟ. ಕರೆಯುವ ಮಾತು ಅವಳ ಬಾಯಿವರೆಗೆ ಬಂದಿತ್ತು. ಹಲ್ಲಿನ ಹಿಂದೆ ನಿಂತುಬಿಟ್ಟಿತು. ಬೀದಿಯ ತರಕಾರಿಯವನ ಜೊತೆಗೂ ಗಂಟೆಗಟ್ಟಲೆ ಮಾತಾಡುವವಳಿಗೆ ಎರಡು ಪದ ಹೊರಡಲಿಲ್ಲ! ಅವನ ಬೆನ್ನು ಬಾಗಿಲು ದಾಟಿ ಹೋಯಿತು. ತಮ್ಮ ತನ್ನ ಶೂಗಳ ಚೀಲ ಒಪ್ಪಿಸಿ ಬರಲು ಇನ್ನೊಂದು ಸಾಲಿನಲ್ಲಿ ಹೋಗಿ ನಿಂತ.

ಆಗ ಅವಳ ತಲೆಗೆ ಬಂದದ್ದು ಈ ಉಪಾಯ. ಉಪಾಯವೋ, ಕಿಡಿಗೇಡಿತನವೋ, ನೀವೇ ಹೇಳಿ. ಬಾಗಿಲು ತೆರೆದಿದ್ದರೂ ಕಿಟಕಿ ಹತ್ತಿ ಹಾರುವ ಜಾತಿ ಅವಳದು. ಅವನ ಸೈಕಲ್ಲಿನ ಚಕ್ರಕ್ಕೆ ಉದ್ದ ಮೂತಿಯ ಟ್ಯೂಬೇ ಬೇಕು. ಮೈದಾನದಲ್ಲಿ ಸೈಕಲ್ ಸಾಮಾನಿನ ಅಂಗಡಿ ಹಾಕಿದ್ದವನು ಅದು ಮುಗಿದಿದೆ, ಮುಗಿದಿದೆ ಎಂದು ಬಂದವರಿಗೆಲ್ಲ ಕೂಗಿ ಹೇಳುತ್ತಿದ್ದ. ಆದರೆ ಮನೆಯ ಚಪ್ಪಲಿ ಗೂಡಿನ ಕೆಳಗಿನ ಡ್ರಾಯರಿನಲ್ಲಿ, ಅವನು ಒಯ್ಯದೆ ಬಿಟ್ಟ ಸಾಮಾನಿನಲ್ಲಿ ಎರಡು ಇದ್ದವು. ಇವತ್ತು ಒರೆಸುವಾಗ ಕಂಡಿದ್ದಳು.

ರಿಪೇರಿ ಡೇರೆಯಿಂದ ಗಾಳಿ ಪಂಪು ಕೇಳಿ ತಂದಳು. ಕರೆಯಲು ಬಾಯಿ ಬರಲಿಲ್ಲ, ಪಂಪು ಒತ್ತಲು ಮಾತ್ರ ಕೈ ಧಾರಾಳವಾಗಿ ಬಂತು. ಹಿಂದಿನ ಚಕ್ರಕ್ಕೆ ಸಿಕ್ಕಿಸಿ ಒತ್ತಿದಳು, ಒತ್ತಿದಳು, ಪಂಪಿನ ಮಾಪಕದ ಮುಳ್ಳು ಕೆಂಪು ಗೆರೆ ದಾಟಿದ ಮೇಲೂ ಒತ್ತಿದಳು. ಪಂಪು ಹಿಂತಿರುಗಿಸಿ, ದೂರದ ಡೇರೆಯ ನೆರಳಲ್ಲಿ ಬಂದು ಕೂತಳು. ತನ್ನ ತಂಡದ ಸೈಕಲ್ಲನ್ನು ತಾನೇ ಕೆಡಿಸಿ, ಅದು ಹಾಳಾಗಲಿ ಎಂದು ಬಾಟಲಿ ನೀರು ಕುಡಿಯುತ್ತ ಕಾದವರು ಈ ಆಟದಲ್ಲಿ ಇನ್ನಾರೂ ಇರಲಿಕ್ಕಿಲ್ಲ.

ಢಮಾರ್!

ಮೈದಾನವೆಲ್ಲ ಚಪ್ಪಾಳೆ. ಸ್ಪರ್ಧೆಯ ಹಿಂದಿನ ದಿನ ಬಿಸಿಲಿಗೆ ಯಾರದಾದರೂ ಟ್ಯೂಬು ಒಡೆದರೆ ಎಲ್ಲರೂ ಚಪ್ಪಾಳೆ ತಟ್ಟುವುದು ಈ ಜನರ ಪದ್ಧತಿ. ಒಡೆದದ್ದು ತಮ್ಮದಲ್ಲವಲ್ಲ ಎಂಬ ಖುಷಿ. ರೂಢಿಯಿಂದ ಅವಳೂ ಎರಡು ತಟ್ಟಿ, ಮೂರನೆಯದಕ್ಕೆ ನಾಚಿಕೆಯಾಗಿ ಕೈ ಕೆಳಗಿಳಿಸಿದಳು.

"ಯಾರದಪ್ಪಾ ಇದು?" ಸೀಟಿಯ ಹೆಂಗಸು ಕೂಗಿದಳು.

"ನಮ್ಮನೆಯವರದ್ದು!" ಎಂದಳು ಅವಳು. ಹಾಗೆ ಹೇಳಿ ಎಷ್ಟು ಕಾಲವಾಗಿತ್ತು!

ಫೋನು ಮಾಡಿದಳು. "ರೀ, ನಿಮ್ಮ ಟ್ಯೂಬ್ ಒಡೀತು."

"ಯಾವ್ದು?"

"ಹಿಂದಿಂದು."

"ಬರ್ತೀನಿ."

ಬಂದ. ಕೈಯಲ್ಲಿನ್ನೂ ಗ್ರೀಸಿತ್ತು. ಚಕ್ರ ಬಿಚ್ಚಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿ, ಸೀಳಿದ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದ. "ಈ ಅಳತೇದು ನನ್ನ ಹತ್ರ ಇಲ್ಲ" ಎಂದ.

"ಮನೇಲಿದೆ" ಎಂದಳು ಅವಳು. ಅವನ ಮಾತು ಮುಗಿಯುವ ಮೊದಲೇ ಅಂದುಬಿಟ್ಟಳು.

ಮನೆ ದೂರವಿರಲಿಲ್ಲ. ದಾರಿಯುದ್ದಕ್ಕೂ ಅವಳು ಕೆರೆಯ ನೀರು ತಣ್ಣಗಿದೆ ಎಂದಳು, ಸೀಟಿಯವಳ ದರ್ಪ ನೋಡಿದಿರಾ ಎಂದಳು, ಬೇಕರಿಯ ಬಣ್ಣ ಬದಲಾಗಿದೆ ಎಂದಳು. ಅವನು ಹೂಂ ಎಂದ. ಈ ಸಲ ಆ ಹೂಂ ಎಷ್ಟು ಚೆನ್ನಾಗಿತ್ತೆಂದರೆ, ಹೀಗೇ ಊರು ದಾಟಿ ನಡೆದು ಹೋಗಲೂ ಅವಳು ಸಿದ್ಧಳಿದ್ದಳು.

ಒಳಗೆ ಬಂದವನು ಹೊಳೆಯುವ ನೆಲ ನೋಡಿ, ಚಪ್ಪಲಿ ಹೊರಗೇ ಬಿಟ್ಟ. ಡ್ರಾಯರು ಎಳೆದು ಟ್ಯೂಬಿನ ಡಬ್ಬಿ ತೆಗೆದುಕೊಂಡ. ನೀರು ಕುಡಿಯಲು ಅಡುಗೆಮನೆಗೆ ಹೋಗಿ, ಮೇಲಿನ ಕಪಾಟಿಗೆ ಕೈಹಾಕಿದ. ಅದನ್ನು ಅವನೇ ತನ್ನ ಎತ್ತರಕ್ಕೆ ಮೊಳೆ ಹೊಡೆದು ಕೂರಿಸಿದ್ದು. ಅದು ಖಾಲಿ ಇತ್ತು. ಬಾಗಿಲು ಹಿಡಿದುಕೊಂಡೇ ತಿರುಗಿ, "ಲೋಟ?" ಎಂದ.

"ಕೆಳಗಿಟ್ಟಿದ್ದೀನಿ. ಮೇಲೆ ನನಗೆ ಎಟುಕಲ್ಲ."

"ಒಳ್ಳೇದಾಯ್ತು. ನಾನೇ ಇಳಿಸ್ಬೇಕಿತ್ತು."

ನೀರು ಕುಡಿದು, ಲೋಟ ತೊಳೆದು, ಬೋರಲು ಹಾಕಿದ. ನೆಂಟರು ಹಾಗೆ ಮಾಡುತ್ತಾರೆ. ಅವಳಿಗೆ ಅಳು ಬಂದಂತಾಯಿತು.

"ಗಾಳಿ ನಾನು ಬಿಟ್ಟಿದ್ದೆ" ಎಂದ ಅವನು, ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ.

"ಬಿಸಿಲು ನೋಡಿ, ಎಂಥಾ..."

"ಅರ್ಧ ಗಾಳಿ ಇರೋ ಟ್ಯೂಬ್ ಯಾವ ಬಿಸಿಲಿಗೂ ಒಡೆಯಲ್ಲ."

ಅವಳು ಗೋಡೆ ನೋಡಿದಳು, ಕಿಟಕಿ ನೋಡಿದಳು, ಕೊನೆಗೆ ಬೇರೆ ದಾರಿಯಿಲ್ಲದೆ ಅವನನ್ನೇ ನೋಡಿದಳು. "ನಾನೇ ಹೊಡೆದೆ. ಪಂಪಿಂದ. ಕೆಂಪು ಗೆರೆ ದಾಟೋವರೆಗೆ."

ಅವನು ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು, ಕಟ್ಟೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳೂ ನಕ್ಕಳು. ಆ ಗಳಿಗೆಯಲ್ಲಿ ಎಲ್ಲ ಸರಿಹೋಯಿತು ಅಂತಲೇ ಅವಳು ತಿಳಿದದ್ದು. ಪಾಪ, ಯಾರಾದರೂ ಹಾಗೇ ತಿಳಿಯುತ್ತಿದ್ದರು.

"ಅಷ್ಟೆಲ್ಲ ಯಾಕೆ? ಒಂದು ಫೋನ್ ಮಾಡಿದ್ರೆ ಬರ್ತಿದ್ದೆ" ಎಂದ ಅವನು, ಕಣ್ಣೊರೆಸಿಕೊಂಡು.

"ಈಗ ಕರೀತಿದ್ದೀನಿ. ಬನ್ನಿ. ಮನೆಗೆ ಬಂದ್ಬಿಡಿ. ನೀವು ಮಾತಾಡೋದು ಬೇಡ, ನಾನೇ ಇಬ್ಬರ ಪಾಲಿಂದೂ ಆಡ್ತೀನಿ. ನೀವಿಲ್ದೆ ನನಗೆ ಆಗ್ತಿಲ್ಲ ರೀ." ಅಂತೂ ಹೊರಬಂತು. ಎರಡು ಪದ ಎಂದುಕೊಂಡದ್ದು ಇಷ್ಟುದ್ದವಾಗಿ ಬಂತು.

ಅವನ ಮುಖದ ನಗು ಮೆಲ್ಲಗೆ ಇಳಿಯಿತು. ಕುರ್ಚಿ ಎಳೆದು ಕೂತ. ಏಳು ವರ್ಷದ ಸಂಸಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಇದೇ ಇರಬೇಕು.

"ನೀನು ಕರೀತೀಯ ಅಂತ ಫೋನ್ ದಿಂಬಿನ ಪಕ್ಕದಲ್ಲೇ ಇಟ್ಕೊಂಡು ಮಲಗ್ತಿದ್ದೆ. ಮಲಗ್ತಿದ್ದೆ ಅಂದ್ರೆ, ನಿದ್ದೆ ಎಲ್ಲಿ ಬರ್ತಿತ್ತು? ಯಾವ ಲಿಫ್ಟ್ ಕಾಲ್ ಬಂದ್ರೂ ಮೊದಲು ನೀನೇ ಅಂದ್ಕೋತಿದ್ದೆ. ಕೆಲಸಕ್ಕೆ ಹೂಂ ಅಂದ ದಿನ ನೋಡು, ಅವತ್ತು ಕಾಯೋದು ನಿಂತೋಯ್ತು. ನಾನು ನಿಲ್ಲಿಸ್ಲಿಲ್ಲ, ತಾನಾಗೇ ನಿಂತಿತು. ಅವತ್ತು ಬೆಳಗಿನ ತನಕ ಮಲಗಿದೆ. ಈಗ ದಿನಾ ನಿದ್ದೆ ಬರುತ್ತೆ." ಡಬ್ಬಿಯನ್ನು ಮೇಜಿನ ಮೇಲಿಟ್ಟು ಮತ್ತೆ ಎತ್ತಿಕೊಂಡ. "ನಿನ್ನ ಮೇಲೆ ಸಿಟ್ಟಿಲ್ಲ. ದೇವರಾಣೆ ಇಲ್ಲ. ಆದ್ರೆ ನನ್ನ ಮತ್ತೆ ಎಬ್ಬಿಸಬೇಡ."

ಸಿಟ್ಟಿದ್ದಿದ್ದರೆ ಅವಳು ಜಗಳ ಮಾಡಿಯಾದರೂ ಗೆಲ್ಲುತ್ತಿದ್ದಳು. ಕೆಲಸದ ಕರಾರು ಅಡ್ಡವಿದ್ದಿದ್ದರೆ ಹರಿದು ಹಾಕಿ ಅನ್ನುತ್ತಿದ್ದಳು. ನಿದ್ದೆ ಬರುತ್ತದೆ ಅನ್ನುವವನ ಮುಂದೆ ಏನು ಹೇಳುವುದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಆಡದೇ ಇದ್ದರೂ ಹೋಗುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. "ಸರಿ, ಏಳಿ. ಮೈದಾನದ ಬಾಗಿಲು ಹಾಕ್ಬಿಡ್ತಾರೆ" ಎಂದಳು.

ಮೈದಾನಕ್ಕೆ ಬಂದು ಚಕ್ರ ಜೋಡಿಸಿದರು. ಅವಳು ಎರಡೂ ಕೈಯಲ್ಲಿ ಚಕ್ರ ಹಿಡಿದುಕೊಂಡಳು, ಅವನು ಟ್ಯೂಬನ್ನು ಒಳಗೆ ಕೂರಿಸಿ, ಹೆಬ್ಬೆರಳಿನಿಂದ ಟೈರಿನ ಅಂಚನ್ನು ಒತ್ತುತ್ತ ಸುತ್ತ ಬಂದ. ಕೊನೆಯ ಚೂರು ಒಳಹೋಗಲು ಯಾವಾಗಲೂ ಹಠ ಮಾಡುತ್ತದೆ. ಅಲ್ಲಿ ಅವಳ ಹೆಬ್ಬೆರಳೂ ಅವನ ಹೆಬ್ಬೆರಳೂ ಒಟ್ಟಿಗೇ ಒತ್ತಿದವು. ಟಪ್ಪೆಂದು ಒಳಗೆ ಹೋಯಿತು. ಅವನ ಕೈ ಬೆಚ್ಚಗಿತ್ತು. ಗಾಳಿ ತುಂಬಿ, ಅರ್ಧ ಬಿಟ್ಟು, "ಇನ್ನು ಮುಟ್ಬೇಡ ಮಾರಾಯ್ತಿ" ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಸೀಟಿ ಕೇಳಿಸಿತು. ಎಲ್ಲರೂ ಹೊರಗೆ ಹೋಗಬೇಕು. ಅವನು ಕಂಬಿಯ ಪಕ್ಕದ ನೆಲ ತೋರಿಸಿದ. "ನಾಳೆ ನಾನು ಇಲ್ಲೇ ನಿಂತಿರ್ತೀನಿ. ನೀನು ಬರೋ ದಾರೀನೇ ನೋಡ್ತಿರ್ತೀನಿ. ಆತುರ ಬೇಡ, ನಿಧಾನಕ್ಕೆ ಬಾ. ನೀನು ಬರದೆ ನಾನಂತೂ ಎಲ್ಲಿಗೂ ಹೋಗೋ ಹಾಗಿಲ್ಲ." ಪಟ್ಟಿ ಕಟ್ಟಿದ ಎಡಗಾಲು ಮುಂದಿಡು ಎಂದು ನೆನಪಿಸಿ, ಲಾಂಡ್ರಿಯ ದಿಕ್ಕಿಗೆ ಹೊರಟುಹೋದ.

ತಮ್ಮ ಹೊರಗೆ ಕಾಯುತ್ತಿದ್ದ. ಅವಳ ಮುಖ ನೋಡಿದ, ಏನೂ ಕೇಳುವ ಧೈರ್ಯ ಬರದೆ ರೇಸಿನ ಮಾತು ತೆಗೆದ. "ಅಕ್ಕ, ನಾಳೆ ಹೇಗೆ? ಹೋದ ವಾರ ಅಭ್ಯಾಸದಲ್ಲಿ ಈಜಿದಷ್ಟೇ ಬೇಗ ಬರ್ತೀಯಾ? ನೀನು ಹಾಗೆ ಬಂದ್ರೆ ನಮಗೊಂದು ಪದಕ ಗ್ಯಾರಂಟಿ ಕಣೆ."

"ಇಲ್ಲ ಕಣೋ. ನಿಧಾನಕ್ಕೆ ಬರ್ತೀನಿ."

"ಯಾಕೆ? ಕೈ ನೋವಾ? ವರ್ಷವಿಡೀ ಒದ್ದಾಡಿದ್ದು ಏನಕ್ಕೆ ಮತ್ತೆ?"

ಅವಳು ಕೆರೆಯ ಕಡೆ ನೋಡಿದಳು. ನಾಳೆಯ ಈಜಿನ ದಾರಿ ತೋರಿಸಲು ಬಿಟ್ಟ ಹಳದಿ ತೇಲುಬುರುಡೆಗಳು ನೀರಿನ ಮೇಲೆ ಆ ದಡದವರೆಗೂ ಹೋಗಿದ್ದವು.

"ನಾನು ನೀರಲ್ಲಿರೋ ತನಕ ಅವರು ನನಗೋಸ್ಕರ ಕಾಯ್ತಿರ್ತಾರೆ ಕಣೋ" ಎಂದಳು. "ಅದು ಬೇಗ ಮುಗಿಯೋದು ಬೇಡ ನನಗೆ."

ತಮ್ಮ ಅವಳ ಕೈಯಿಂದ ಚೀಲ ತೆಗೆದುಕೊಂಡು, ಅವಳ ಪಕ್ಕದಲ್ಲೇ ನಡೆದ.